ಓಣಿಯಲ್ಲಿ ಯಾರೂ ನೋಡದ ಧಾರಾವಾಹಿ

ಮಕ್ತಲದ ಮಂದಿ ಮನೆಯೊಳಗೆ ಆಡುವುದು ಕನ್ನಡ, ಬಜಾರಿನಲ್ಲಿ ಆಡುವುದು ತೆಲುಗು, ಜಗಳ ಹತ್ತಿತೆಂದರೆ ಎರಡೂ. ಆದರೆ ಸಂಜೆಯಾದ ಮೇಲೆ ಟಿವಿಯಲ್ಲಿ ಅಳುವ ಹೆಂಗಸರು ಮಾತ್ರ ತೆಲುಗಿನಲ್ಲೇ ಅಳಬೇಕು. ಕೇಬಲ್ ಆಂಜನೇಯುಲು ಕೊಡುವ ಪ್ಯಾಕಿನಲ್ಲಿ ಇರುವುದು ಅವೇ. ಕನ್ನಡ ಚಾನೆಲ್ ಬೇಕಾದರೆ ಅವನ ಬೆನ್ನು ಹತ್ತಿ ಬೇರೆ ಹಾಕಿಸಿಕೊಳ್ಳಬೇಕು. ಅಷ್ಟು ಉಸಾಬರಿ ಯಾರಿಗೆ ಬೇಕು? ಈ ಒಂದು ನಂಬಿಕೆಯ ಮೇಲೆ ಶ್ರೀವಲ್ಲಿ ಆರಾಮಾಗಿದ್ದಳು.

ಆ ನಂಬಿಕೆ ಸುಳ್ಳೆಂದು ಗೊತ್ತಾದದ್ದು ಒಂದು ಶುಕ್ರವಾರ ಬೆಳಿಗ್ಗೆ, ಎದುರು ಮನೆಯ ಹಿಟ್ಟಿನ ಗಿರಣಿಯಲ್ಲಿ.

ಶ್ರೀವಲ್ಲಿ ಬೆಂಗಳೂರಿನ ಒಂದು ಕನ್ನಡ ಧಾರಾವಾಹಿಗೆ ಮಾತು ಬರೆಯುತ್ತಿದ್ದಳು. ಬೆಂಗಳೂರಿಗೆ ಹೋಗಿ ಅಲ್ಲ. ಮಕ್ತಲದಲ್ಲಿ ತನ್ನ ಮನೆಯ ಮಾಳಿಗೆಯ ಮೇಲೆ ಕುಳಿತು. ಅಲ್ಲಿನ ಕಥೆ ವಿಭಾಗದವರು ದೃಶ್ಯ ಹೇಳುವರು, ಇವಳು ಮಾತು ಬರೆದು ಫೋನಿನಲ್ಲೇ ಕಳಿಸುವಳು. ಧಾರಾವಾಹಿ ಮುಗಿದ ಮೇಲೆ ಹೆಸರುಗಳು ಓಡುತ್ತವಲ್ಲ, ಅದರಲ್ಲಿ 'ಸಂಭಾಷಣೆ ಸಹಾಯ: ಶ್ರೀವಲ್ಲಿ, ಮಕ್ತಲ' ಎಂದು ಬರುತ್ತಿತ್ತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಂಥದ್ದು. ತಾಯಿ ವಿಜಯಾಬಾಯಿ ಅದನ್ನು ಮಗಳ ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ ಮಂತ್ರಾಲಯಕ್ಕೆ ಹರಕೆ ಹೊತ್ತಿದ್ದಳು. ಹುಡುಗಿಗೆ ಅಷ್ಟು ಸಾಲದು. ಅವಳಿಗೆ 'ಸಹಾಯ' ಅನ್ನುವುದು ಹೋಗಿ 'ಚಿತ್ರಕಥೆ' ಅನ್ನುವುದು ಬರಬೇಕಾಗಿತ್ತು. ಆಸೆಯೇನೂ ತಪ್ಪಲ್ಲ. ಇಪ್ಪತ್ನಾಲ್ಕನೆಯ ವಯಸ್ಸಿಗೆ ಅಷ್ಟೂ ಆಸೆ ಇಲ್ಲದಿದ್ದರೆ ಆ ವಯಸ್ಸು ಯಾತಕ್ಕೆ?

ಆದರೆ ಕಥೆ ವಿಭಾಗದ ಮುಖ್ಯಸ್ಥೆ ಶುಭಾ ಮೇಡಂ ಇವಳ ಬರಹ ಕಂಡರೆ ಮೂಗು ಮುರಿಯುತ್ತಿದ್ದಳು. "ಪುಸ್ತಕದ ಮಾತು ವಲ್ಲಿ, ಜೀವ ಇಲ್ಲ" ಎನ್ನುವಳು. ಒಮ್ಮೊಮ್ಮೆ "ಇದೇನು ಕನ್ನಡನಾ ತೆಲುಗಾ?" ಎಂದು ನಗುವಳು. ಆ ನಗು ಕೇಳಿದ ದಿನ ವಲ್ಲಿಗೆ ಊಟ ಸೇರುತ್ತಿರಲಿಲ್ಲ. ತನಗೆ ಬರೆಯಲು ಬರುತ್ತದೆಂದು ಇಷ್ಟು ದಿನ ಮೋಸ ಮಾಡಿಕೊಂಡೆನೇನೋ ಎಂದು ಮಾಳಿಗೆಯ ಮೇಲೆ ಒಬ್ಬಳೇ ಕುಳಿತು ಒದ್ದಾಡುವಳು.

ಹೀಗಿರುವಾಗ ಧಾರಾವಾಹಿಗೆ ಒಂದು ಹೊಸ ಪಾತ್ರ ಬೇಕಾಯಿತು. ಹಾಡುಗಾರ್ತಿ ಆಗಬೇಕೆಂಬ ಬಡ ಹುಡುಗಿ, ಹೆಸರು ಚೈತ್ರಾ. ವಲ್ಲಿ ಹೆಚ್ಚು ದೂರ ಹುಡುಕಲಿಲ್ಲ. ಎದುರು ಮನೆ ನೋಡಿದಳು.

ಎದುರು ಮನೆಯ ಭಾಗ್ಯಜ್ಯೋತಿ ಅವಳ ಚಿಕ್ಕಂದಿನ ಗೆಳತಿ. ತಾಯಿ ಚನ್ನವೀರಮ್ಮ ಗಿರಣಿ ನಡೆಸುವಾಕೆ. ಭಾಗ್ಯ ಹಾಡು ಕಲಿತದ್ದು ಗಿರಣಿಯ ಸದ್ದಿನೊಳಗೆ. ಪಟ್ಟಾ ತಿರುಗುವಾಗ ಎಷ್ಟು ದೊಡ್ಡ ದನಿ ತೆಗೆದರೂ ಯಾರಿಗೂ ಕೇಳಿಸುವುದಿಲ್ಲ, ತಪ್ಪಿದರೂ ಯಾರೂ ನಗುವುದಿಲ್ಲ ಎಂದು ಆಗಲೇ ಹಾಡುವಳು. ಎರಡು ವರ್ಷದ ಹಿಂದೆ ಗದ್ವಾಲದಲ್ಲಿ ಟಿವಿಯ ಹಾಡಿನ ಸ್ಪರ್ಧೆಗೆ ಆಯ್ಕೆ ನಡೆದಾಗ ಇಬ್ಬರೂ ಕೂಡಿ ಹೋಗಿದ್ದರು. ವೇದಿಕೆ ಹತ್ತಿದ ಭಾಗ್ಯಳ ದನಿ ಮೊದಲ ಸಾಲಿಗೇ ಒಡೆಯಿತು. ಕುಳಿತಿದ್ದವರಲ್ಲಿ ಒಬ್ಬ "ಇಂಟ್ಲ ಪಾಡುಕೋ ಅಮ್ಮಾ" ಎಂದ, ಮನೆಯಲ್ಲಿ ಹಾಡಿಕೊ ತಾಯಿ ಎಂದು. ಸಭೆಯೆಲ್ಲ ಘೊಳ್ಳೆಂದಿತು. ತಿರುಗಿ ಬರುವಾಗ ಧರೂರು ದಾಟಿದ ಮೇಲೆ ಬಸ್ಸಿನಲ್ಲಿ ಭಾಗ್ಯ ವಲ್ಲಿಯ ಕಿವಿಯಲ್ಲಿ ಒಂದು ಮಾತು ಹೇಳಿದಳು. ಹೆತ್ತ ತಾಯಿಗೂ ಹೇಳದ ಮಾತು. ಆಮೇಲೆ ಅವಳು ಹಾಡುವುದನ್ನೇ ಬಿಟ್ಟಳು.

ವಲ್ಲಿ ಇದನ್ನೆಲ್ಲ ಚೈತ್ರಾಳಿಗೆ ಕೊಟ್ಟಳು. ಗಿರಣಿ ಕೊಟ್ಟಳು, ಗಿರಣಿಯ ಸದ್ದು ಕೊಟ್ಟಳು, ಹಾಡುವ ಮೊದಲು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುವ ಚಟವನ್ನೂ ಕೊಟ್ಟಳು. ಶುಭಾ ಮೇಡಂ ಫೋನು ಮಾಡಿ, "ಈಗ ಬಂತು ನೋಡು ಜೀವ! ಎಲ್ಲಿ ಇಟ್ಟಿದ್ದೆ ಇದನ್ನ?" ಎಂದಳು. ಆಮೇಲೆ "ನಿಜವಾದ ಹುಡುಗಿನಾ? ನಾಳೆ ತಕರಾರು ಬರಬಾರದು" ಎಂದಳು.

"ಬಂದ್ರೂ ಏನಿಲ್ಲ ಮೇಡಂ. ನಮ್ಮ ಕಡೆ ಕನ್ನಡ ಚಾನೆಲ್ ಯಾರೂ ನೋಡೋದೇ ಇಲ್ಲ" ಎಂದು ವಲ್ಲಿ ನಕ್ಕಳು. ತನ್ನ ಮನೆಮಾತಿನಲ್ಲೇ ಬರೆದು ತನ್ನ ಓಣಿಯವರಿಂದ ಬಚ್ಚಿಟ್ಟುಕೊಳ್ಳಬಹುದೆಂದು ನಂಬುವ ಜಾಣತನ ಈ ಗಡಿಯ ಊರಿನವರಿಗಲ್ಲದೆ ಇನ್ನಾರಿಗೆ ಬಂದೀತು?

ಮುಂದೆ ಆದದ್ದು ಬೇರೆ. ನೋಡುವ ಮಂದಿಗೆ ಚೈತ್ರಾ ಹಿಡಿಸಲಿಲ್ಲ. ಮೊಬೈಲಿನಲ್ಲಿ ಧಾರಾವಾಹಿಯ ಕೆಳಗೆ ಬರೆಯತೊಡಗಿದರು: 'ಇವಳು ಬಂದರೆ ನಾನು ಪಾತ್ರೆ ತೊಳೆಯೋಕೆ ಎದ್ದು ಹೋಗ್ತೀನಿ.' 'ಹಾಡೋದಕ್ಕಿಂತ ಅಳೋದೇ ಜಾಸ್ತಿ.' 'ಯಾರಾದ್ರೂ ಇವಳಿಗೆ ಮದುವೆ ಮಾಡಿ ಕಳಿಸಿ ಪುಣ್ಯ ಕಟ್ಕೊಳ್ಳಿ.' ವಲ್ಲಿ ಒಂದೊಂದನ್ನೂ ಓದಿದಳು. ಬೈದದ್ದು ಚೈತ್ರಾಳನ್ನಾದರೂ ಮೈ ಉರಿದದ್ದು ಇವಳಿಗೆ. ಶುಭಾ ಮೇಡಂ, "ಈ ಹುಡುಗಿನ ಮುಗಿಸಿಬಿಡೋಣ. ಆಯ್ಕೆಯಲ್ಲಿ ಸೋಲಲಿ, ಹಾಡು ಬಿಟ್ಟು ಮದುವೆಗೆ ಒಪ್ಪಲಿ. ಜನ ಒಂದು ಸಲ ಚೆನ್ನಾಗಿ ಅತ್ತುಬಿಡಬೇಕು. ಬರೀತೀಯಾ?" ಎಂದು ಕೇಳಿದಳು. ಬೇಡ ಎನ್ನಬಹುದಾಗಿತ್ತು. ಒಂದು ಮಾತು ಹೇಳಿ ನೋಡಬಹುದಾಗಿತ್ತು. ವಲ್ಲಿ ಒಂದೇ ಬೈಠಕ್ಕಿನಲ್ಲಿ ಕುಳಿತು ಗದ್ವಾಲದ ಸೋಲನ್ನೂ ಬಸ್ಸಿನ ಮಾತನ್ನೂ ಇದ್ದದ್ದಿದ್ದಂತೆ ಬರೆದು ಕಳಿಸಿದಳು. ಕಳಿಸಿದ ಮೇಲೆ ಚೆನ್ನಾಗಿ ನಿದ್ದೆಯೂ ಬಂದಿತ್ತು.

ಆ ಶುಕ್ರವಾರ ಅವಳು ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಾಗ ಚನ್ನವೀರಮ್ಮ ಒಬ್ಬಳೇ ಇದ್ದಳು. ತಲೆಗೂದಲು, ಹುಬ್ಬು ಎಲ್ಲ ಹಿಟ್ಟು.

"ಬಾ ನಮ್ಮವ್ವ, ಬಾ. ನಿನ್ನ ಮ್ಯಾಲ ಸಿಟ್ಟೈತಿ ನನಗ" ಎಂದಳು ನಗುತ್ತ. "ನಿನ್ನೆ ರಾತ್ರಿ ನಮ್ಮ ಹುಡುಗಿ ಉಣ್ಣಲಿಲ್ಲ."

"ಯಾಕ್ರಿ ಅತ್ತಿ?"

"ಯಾಕ ಅಂತ ನೀನ ಕೇಳ್ತಿ! ಆ ಚೈತ್ರಾನ್ನ ಮಂದಿ ಮುಂದ ಹಂಗ ನಗೆಪಾಟಲು ಮಾಡೂದೇನ?"

ವಲ್ಲಿಯ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. "ನಿಮ್ಮ ಟಿವ್ಯಾಗ ಕನ್ನಡ ಚಾನೆಲ್ ಬರ್ತದೇನ್ರಿ?" ಎಂದಳು.

"ಬರೂದೇನ, ಯುಗಾದಿ ಹಬ್ಬದಿಂದ ಬರ್ತೈತಿ. ಭಾಗ್ಯಾ ಆಂಜನೇಯುಲು ತಲಿಮ್ಯಾಲ ಕುಂತು ಹಾಕಿಸ್ಯಾಳ. ನಮ್ಮ ವಲ್ಲಿ ಹೆಸರು ಬರ್ತೈತಿ, ನೋಡಬೇಕು ಅಂತ. ಹೆಸರು ಬಂದ ಕೂಡಲೇ ಚಪ್ಪಾಳಿ ಹೊಡೀತಾಳ ಹುಚ್ಚಿ. ಆಮ್ಯಾಲ ಆ ಹುಡುಗಿ ಬಂತು ನೋಡು, ಗಿರಣ್ಯಾಗ ಹಾಡಾಕಿ. 'ಯವ್ವ, ವಲ್ಲಿ ನನ್ನ ಬರ್ಯಾಕ ಹತ್ಯಾಳ' ಅಂದ್ಳು. ಅವತ್ತ ಮತ್ತ ಬಾಯಿ ತಗದು ಹಾಡಿದ್ಳು, ಎರಡ ವರ್ಷದ ಮ್ಯಾಲ."

ವಲ್ಲಿಗೆ ಗಿರಣಿಯಿಂದ ಮತ್ತೆ ಹಾಡು ಕೇಳಿಬರುತ್ತಿದ್ದದ್ದು ನೆನಪಿಗೆ ಬಂತು. ಪಾಪ, ಗದ್ವಾಲವನ್ನು ಮರೆತಳು ಎಂದು ತಾನು ಸಮಾಧಾನಪಟ್ಟುಕೊಂಡದ್ದೂ ನೆನಪಿಗೆ ಬಂತು.

"ನನಗ್ಯಾಕ ಹೇಳಲಿಲ್ಲ ಆಕಿ?"

"ನಾವು ನೋಡ್ತೀವಿ ಅಂತ ಗೊತ್ತಾದ್ರ ನೀ ಅಂಜಿ ಬರೀತಿ ಅಂತ. ನನಗೂ ಬಾಯಿ ಹೊಲಿಸಿದ್ಳು. ಇವತ್ತ ನನಗ ತಡಕೊಳ್ಳಾಕ ಆಗಲಿಲ್ಲ." ಚನ್ನವೀರಮ್ಮ ಜೋಳವನ್ನು ಗಿರಣಿಯ ಬಾಯಿಗೆ ಸುರಿದಳು. "ನಾಡಿದ್ದ ಐತವಾರ ನಾರಾಯಣಪೇಟ್ಯಾಗ ಮತ್ತ ಹಾಡಿನ ಆಯ್ಕೆ ಐತಿ. ಹೆಸರು ಕೊಟ್ಟಾಳ. ನಿನ್ನೆ ಆ ಹುಡುಗಿ ಸೋತಿದ್ದು ನೋಡಿ ಮುಖ ಸಣ್ಣದಾತು. ನಾ ಹೋಗೂದಿಲ್ಲ ಅಂದ್ಳು. ಒಂದ ತಾಸಿನ ಮ್ಯಾಲ ಆಕೀನ ಎದ್ದು ಕುಂತು 'ಇಲ್ಲಬೇ, ವಲ್ಲಿ ಬಿಡೂದಿಲ್ಲ, ನಾಳಿಗೆ ಆಕಿನ್ನ ಎಬ್ಬಿಸಿ ನಿಲ್ಲಸ್ತಾಳ ನೋಡು' ಅಂದ್ಳು. ಇವತ್ತ ಸಂಜಿಕ ನಮ್ಮನಿಗೆ ಬಾ. ಕೂಡೇ ನೋಡೂಣು."

ಗಿರಣಿ ಶುರುವಾಯಿತು. ಇನ್ನು ಏನು ಹೇಳಿದರೂ ಕೇಳಿಸುವಂತಿರಲಿಲ್ಲ. ವಲ್ಲಿಗೆ ಅದೇ ಅನುಕೂಲವಾಯಿತು; ತಲೆ ಆಡಿಸಿ ಹಿಟ್ಟು ತೆಗೆದುಕೊಂಡು ಬಂದಳು.

ಮಾಳಿಗೆ ಹತ್ತಿದವಳೇ ಶುಭಾ ಮೇಡಂಗೆ ಫೋನು ಹಚ್ಚಿದಳು. ಇವತ್ತಿನ ಕಂತನ್ನು ತಡೆಯಲು ಬರುತ್ತದೆಯೇ, ಬಸ್ಸಿನ ಆ ಒಂದು ಮಾತನ್ನಾದರೂ ತೆಗೆಯಲು ಬರುತ್ತದೆಯೇ ಎಂದು ಕೇಳಿದಳು.

"ಚಾನೆಲ್‌ಗೆ ಹೋಗಾಯ್ತಲ್ಲ ವಲ್ಲಿ. ಇನ್ನು ಬ್ರಹ್ಮ ಬಂದ್ರೂ ಆಗಲ್ಲ. ಆ ಮಾತು ತೆಗೆದ್ರೆ ಆ ಸೀನಲ್ಲಿ ಏನಿದೆ? ಯಾಕೆ, ಏನಾಯ್ತು?"

"ಆ ಹುಡುಗಿ ನೋಡ್ತಿದ್ದಾಳೆ, ಮೇಡಂ."

"ಯಾರೂ ನೋಡಲ್ಲ ಅಂದಿದ್ದೆ" ಎಂದಳು ಶುಭಾ ಮೇಡಂ. ಬೈಗಳೇನೂ ಅಲ್ಲ, ಇದ್ದ ಮಾತು. ವಲ್ಲಿ ಫೋನು ಇಟ್ಟಳು.

ಮಧ್ಯಾಹ್ನವೆಲ್ಲ ಅವಳು ಹೇಳಬೇಕಾದ ಮಾತನ್ನು ಹೊಂದಿಸಿದಳು. ಭಾಗ್ಯಾ, ನಾ ತಪ್ಪು ಮಾಡೀನಿ. ಇಷ್ಟೇ ಮಾತು. ಧಾರಾವಾಹಿಯಲ್ಲಿ ಹತ್ತು ಮಂದಿಯ ಬಾಯಲ್ಲಿ ಇಂಥದ್ದನ್ನು ಸರಾಗ ಆಡಿಸಿದ್ದ ಹುಡುಗಿಗೆ ತನ್ನ ಬಾಯಲ್ಲಿ ಇದೊಂದನ್ನು ಕೂಡಿಸಲಾಗಲಿಲ್ಲ. ತಾಯಿ ಕರೆದು "ಊಟಕ್ಕ ಬಾರೆ, ಮುಖ ಯಾಕ ಬಾಡ್ಯದ?" ಎಂದರೆ ತಲೆನೋವು ಎಂದಳು. ಕೊನೆಗೆ ಅವರು ಟಿವಿ ಹಚ್ಚುವ ಮೊದಲೇ ಹೇಳಿಬಿಡಬೇಕೆಂದು ಬೇಗನೆ ಎದುರು ಮನೆಗೆ ಹೋದಳು.

ಹೋದರೆ ಅಲ್ಲಿ ಪೆಂಟಮ್ಮ ಕುಳಿತಿದ್ದಾಳೆ. ಪೆಂಟಮ್ಮ ಕಾಯಿಪಲ್ಲೆ ಮಾರುವ ಮುದುಕಿ, ಮರಿಕಲ್ ಕಡೆಯಾಕೆ, ತೆಲುಗು ಬಿಟ್ಟರೆ ಬೇರೆ ಬಾರದು. ಆದರೂ ದಿನಾ ಈ ಮನೆಗೆ ಬಂದು ಕನ್ನಡ ಧಾರಾವಾಹಿ ನೋಡುತ್ತಾಳಂತೆ. ಯಾಕೆಂದರೆ ಭಾಗ್ಯ ಪಕ್ಕದಲ್ಲಿ ಕುಳಿತು ಒಂದೊಂದು ಮಾತನ್ನೂ ತೆಲುಗಿನಲ್ಲಿ ಹೇಳುತ್ತಾಳೆ.

ಭಾಗ್ಯ ವಲ್ಲಿಯನ್ನು ನೋಡಿ ಅರಳಿದಳು. "ಗೊತ್ತಾತಲ್ಲ ನಿನಗ? ನಮ್ಮವ್ವನ ಹೊಟ್ಟ್ಯಾಗ ಒಂದು ಮಾತು ನಿಲ್ಲೂದಿಲ್ಲ" ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಚನ್ನವೀರಮ್ಮ ಮಂಡಕ್ಕಿ ಒಗ್ಗರಣೆ ತಂದಿಟ್ಟಳು. "ಏನೂ ಹೇಳಬ್ಯಾಡ ಮತ್ತ ನೀ. ನಾ ನೋಡಿನ ತಿಳ್ಕೊಳ್ಳಾಕೀನ" ಎಂದು ಭಾಗ್ಯ ಬೆರಳು ಎತ್ತಿ ಹೆದರಿಸಿದಳು. ವಲ್ಲಿ ಬಾಯಿ ಮುಚ್ಚಿದಳು. ಹೇಳಬೇಡ ಎಂದವಳು ಅವಳೇ ಅಲ್ಲವೇ ಎಂದು ಒಳಗೊಳಗೆ ಒಂದು ನೆವವೂ ಸಿಕ್ಕಿತು. ಆ ನೆವಕ್ಕೆ ತಾನು ಎಷ್ಟು ಬೇಗ ಕೈ ಚಾಚಿದೆ ಎಂದು ಮರುಗಳಿಗೆಯೇ ನಾಚಿಕೆಯಾಯಿತು.

ಕಂತು ಶುರುವಾಯಿತು. ಬಸ್ಸಿನ ಕಿಟಕಿ, ಕಿಟಕಿಯ ಪಕ್ಕದಲ್ಲಿ ಚೈತ್ರಾ, ಅವಳ ಪಕ್ಕದಲ್ಲಿ ಅವಳ ಗೆಳತಿ. ಧಾರಾವಾಹಿಯ ಗೆಳತಿ ಬಹಳ ಒಳ್ಳೆಯವಳು. ಚೈತ್ರಾಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, 'ನಾನಿದ್ದೀನಿ ನಿನಗೆ' ಎನ್ನುತ್ತಾಳೆ. ನಿಜವಾದ ಬಸ್ಸಿನಲ್ಲಿ ವಲ್ಲಿ ಅಂಥದ್ದೇನನ್ನೂ ಅಂದಿರಲಿಲ್ಲ. ಭಾಗ್ಯ ಅಳುತ್ತ ಹೇಳಿದ್ದನ್ನು ಕೇಳಿ, ಎಂಥ ಚಂದದ ಮಾತು ಇದು ಎಂದುಕೊಂಡಿದ್ದಳು. ಅದು ಈಗ ನೆನಪಾಯಿತು.

ಚೈತ್ರಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ನನ್ನ ದನಿ ನನಗೇ ಎಂಜಲಾದ ಹಾಗೆ ಆಗಿದೆ ಕಣೇ. ಮತ್ತೆ ಬಾಯಿಗಿಟ್ಟುಕೊಳ್ಳೋಕೆ ಆಗ್ತಿಲ್ಲ."

ಭಾಗ್ಯಳ ಕೈ ಇನ್ನೂ ವಲ್ಲಿಯ ಕೈಯೊಳಗೆ ಇತ್ತು. ಅದು ಅಲುಗಲಿಲ್ಲ.

"ಏಮಂಟುಂದೇ?" ಎಂದು ಕೇಳಿದಳು ಪೆಂಟಮ್ಮ. ಏನನ್ನುತ್ತಾಳೆ ಆ ಹುಡುಗಿ?

ಪೆಂಟಮ್ಮ ಭಾಗ್ಯಳ ಮೊಣಕಾಲು ತಟ್ಟಿ ಮತ್ತೊಮ್ಮೆ ಕೇಳಿದಳು.

"ನಾ ಗೊಂತು ನಾಕೇ ಎಂಗಿಲಿ ಅಯಿಪೋಯಿಂದಿ ಅಂಟುಂದಿ" ಎಂದಳು ಭಾಗ್ಯ. ಬಜಾರಿನಲ್ಲಿ ಟೊಮೆಟೊ ದರ ಹೇಳಿದಂತೆ ಹೇಳಿದಳು. "ಮಳ್ಳ ನೋಟ್ಲ ಪೆಟ್ಟುಕೋಲೇನು ಅಂಟುಂದಿ."

"ಅಯ್ಯೋ ಪಾಪಂ" ಎಂದು ಪೆಂಟಮ್ಮ ಲೊಚಗುಟ್ಟಿದಳು.

ಚನ್ನವೀರಮ್ಮ ಟಿವಿ ಬಿಟ್ಟು ಮಗಳ ಮುಖ ನೋಡುತ್ತಿದ್ದಳು. "ಗದ್ವಾಲದಿಂದ ಬರೋವಾಗ ಹಿಂಗ ಅಂದಿದ್ದೇನ ನೀ?" ಎಂದು ಮೆಲ್ಲಗೆ ಕೇಳಿದಳು. "ನನಗ ಒಂದ ಮಾತೂ ಹೇಳಲಿಲ್ಲಲ್ಲಬೇ."

"ಕಥಿ ಅದು. ಸುಮ್ನ ನೋಡಬೇ ಯವ್ವ" ಎಂದಳು ಭಾಗ್ಯ.

ತನ್ನ ಗುಟ್ಟು ಬಯಲಾಗುತ್ತಿರುವ ಹೊತ್ತಿನಲ್ಲೂ ಅವಳು ಗೆಳತಿಯ ಮಾನ ಮುಚ್ಚುತ್ತಿದ್ದಳು. ವಲ್ಲಿಗೆ ಅಲ್ಲಿಂದ ಎದ್ದು ಓಡಬೇಕೆನ್ನಿಸಿತು. ಓಡುವ ಮುಖವೂ ಇರಲಿಲ್ಲ. ಚೈತ್ರಾ ಮನೆಗೆ ಬಂದಳು, ಹಾರ್ಮೋನಿಯಂ ಎತ್ತಿ ಅಟ್ಟಕ್ಕಿಟ್ಟಳು, ತಂದೆಯ ಮುಂದೆ ತಲೆ ತಗ್ಗಿಸಿ 'ನೀವು ನೋಡಿದ ಹುಡುಗನನ್ನೇ ಆಗ್ತೀನಿ' ಎಂದಳು. ಭಾಗ್ಯ ಅದನ್ನೂ ತೆಲುಗಿಗೆ ಹೇಳಿದಳು, ಒಂದು ಮಾತೂ ಬಿಡದೆ. ಪೆಂಟಮ್ಮ ನಿಟ್ಟುಸಿರು ಬಿಟ್ಟು, ಹಾಡು ಬರದವರಿಗೆ ಹಾಡಿನ ಹುಚ್ಚು ಯಾಕೆ, ಒಳ್ಳೆಯದಾಯಿತು ಬಿಡು ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟಳು. ಕೆಳಗೆ ಹೆಸರುಗಳು ಓಡಿದವು. ಇವತ್ತು ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಚನ್ನವೀರಮ್ಮ ಎದ್ದು ಟಿವಿ ಆರಿಸಿದಳು.

"ಮುಂದ ಏನಾಕ್ಕೈತಿ ಆಕೀದು?" ಎಂದು ಭಾಗ್ಯ ಕೇಳಿದಳು. ಇನ್ನೂ ಅವಳ ದನಿಯಲ್ಲಿ ಒಂಚೂರು ಆಸೆ ಉಳಿದಿತ್ತು.

"ಮುಂದ ಇಲ್ಲ" ಎಂದಳು ವಲ್ಲಿ. "ಆಕಿನ್ನ ತಗದಾರ." ಅಂದ ಮೇಲೆ ಆ ಮಾತೂ ಹೇಡಿತನದ್ದೆಂದು ಅನ್ನಿಸಿತು. "ತಗದಾರ ಅಲ್ಲ. ನಾನೇ ಬರದು ಕೊಟ್ಟೀನಿ."

"ಯಾಕ?"

"ನೋಡೋ ಮಂದಿಗೆ ಆಕಿ ಹಿಡಿಸಲಿಲ್ಲ."

"ನಿನಗ?"

'ಹಿಡಿಸಿದ್ದಳು' ಎನ್ನಲು ವಲ್ಲಿ ಬಾಯಿ ತೆರೆದಳು. ಹಿಡಿಸಿದ್ದರೆ ಅವಳಿಗಾಗಿ ಒಂದು ಮಾತಾದರೂ ಆಡುತ್ತಿದ್ದೆನಲ್ಲ ಎಂದು ಹೊಳೆಯಿತು. ಮೊಬೈಲಿನಲ್ಲಿ ಹೆಸರಿಲ್ಲದ ನಾಲ್ಕು ಮಂದಿ ಬೈದದ್ದಕ್ಕೆ ಹೆದರಿ ಅವಳು ಚೈತ್ರಾಳ ಕೈ ಬಿಟ್ಟಿದ್ದಳು. ಗದ್ವಾಲದಲ್ಲಿ ನಕ್ಕ ಸಭೆಗಿಂತ ತಾನು ಯಾವ ರೀತಿಯಲ್ಲೂ ಮೇಲಲ್ಲ ಎಂದು ಅವಳಿಗೆ ಆಗ ತಿಳಿಯಿತು. ಆ ಸಭೆ ಒಮ್ಮೆ ನಕ್ಕು ಮರೆತಿತ್ತು. ಇವಳು ನೆನಪಿಟ್ಟು ಬರೆದಿದ್ದಳು.

"ತಪ್ಪಾತು ಭಾಗ್ಯಾ" ಎಂದಳು.

ಭಾಗ್ಯ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಸಿಟ್ಟಿನಿಂದ ಅಲ್ಲ. ಬಹಳ ಹೊತ್ತು ಹಿಡಿದು ಜೋಮು ಹತ್ತಿದ ಕೈಯನ್ನು ತೆಗೆದುಕೊಳ್ಳುವಂತೆ. ಮಂಡಕ್ಕಿಯ ತಟ್ಟೆ ಬದಿಗೆ ಸರಿಸಿದಳು.

"ಐತವಾರ ನಾ ನಾರಾಯಣಪೇಟಿಗೆ ಹೋಗಾಕೀನ" ಎಂದಳು. "ನೀ ಬರಬ್ಯಾಡ."

"ಒಬ್ಬಾಕಿನ ಹೆಂಗ ಹೋಗ್ತಿ? ನಾ ಬರ್ತೀನಿ. ಸುಮ್ನ ಬಾಜೂಕ ಕೂತಿರ್ತೀನಿ."

"ಅದಕ್ಕ ಬ್ಯಾಡ ಅಂದೆ" ಎಂದಳು ಭಾಗ್ಯ. "ಅವ್ವ ಬರ್ತಾಳ. ಸೋತು ಬಂದ್ರ ಬಸ್ಸಿನ್ಯಾಗ ಮನಸ ಬಿಚ್ಚಿ ಅಳಬೇಕಲ್ಲ. ನೀ ಬಾಜೂಕ ಇದ್ರ ನನಗ ಅಂಜಿಕಿ ಬರ್ತೈತಿ."

"ಏಮಂಟುಂದಿ?" ಎಂದು ಪೆಂಟಮ್ಮ ಇಬ್ಬರ ಮುಖವನ್ನೂ ನೋಡಿದಳು. ಭಾಗ್ಯ ಇದನ್ನು ತೆಲುಗಿಗೆ ಹೇಳಲಿಲ್ಲ. ಚನ್ನವೀರಮ್ಮ ಬಾಗಿಲ ತನಕ ಬಂದಳು. "ಹುಷಾರಿಲೆ ಹೋಗಬೇ, ಹೊಸ್ತಿಲಾ ಐತಿ" ಎಂದಳು. ಹುಟ್ಟಿದಾಗಿನಿಂದ ದಾಟಿದ ಹೊಸ್ತಿಲು ಅದು. ಬಂದ ಬೀಗರಿಗೆ ಹೇಳುವ ಹಾಗೆ ಹೇಳಿದಳು. ವಲ್ಲಿ ತಲೆ ಎತ್ತದೆ ಚಪ್ಪಲಿ ಮೆಟ್ಟಿದಳು.

ಓಣಿಯಲ್ಲಿ ಇನ್ನೂ ಬೆಳಕಿತ್ತು. ಮನೆಮನೆಯಿಂದ ತೆಲುಗಿನ ಅಳು ಕೇಳಿಬರುತ್ತಿತ್ತು. ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಶುಭಾ ಮೇಡಂ ಬರೆದಿದ್ದಳು: 'ಬಸ್ ಸೀನ್ ನೋಡಿ ಜನ ಅಳ್ತಿದ್ದಾರೆ. ಚಾನೆಲ್‌ನವರೂ ಫೋನ್ ಮಾಡಿದ್ರು, ಯಾರು ಬರೆದಿದ್ದು ಅಂತ. ಸೋಮವಾರದಿಂದ ಚಿತ್ರಕಥೆಗೆ ನಿನ್ನ ಹೆಸರು. ಇಂಥ ಹುಡುಗಿಯರು ಇನ್ನೂ ಇದ್ದಾರಾ ನಿಮ್ಮೂರಲ್ಲಿ?'

ನಾಚಿಕೆಗೇಡು ನೋಡಿ, ಓದಿದ ಕೂಡಲೇ ಅವಳಿಗೆ ಖುಷಿಯಾಯಿತು. ಮಿಕ್ಕದ್ದೆಲ್ಲ ಆಮೇಲೆ ಬಂತು. ಮೊದಲು ಬಂದದ್ದು ಖುಷಿ, ಮೈತುಂಬ, ಎದೆ ಹಾರುವಷ್ಟು. ಇಂಥ ಸುದ್ದಿ ಏನೇ ಇದ್ದರೂ ಅವಳು ಮೊದಲು ಓಡಿಹೋಗಿ ಹೇಳುತ್ತಿದ್ದದ್ದು ಭಾಗ್ಯಳಿಗೆ. ಕಾಲುಗಳು ರೂಢಿಯಂತೆ ಆ ಬಾಗಿಲಿನ ಕಡೆಗೇ ತಿರುಗಿದವು. ಎರಡು ಹೆಜ್ಜೆ ಹೋದವಳು ಓಣಿಯ ನಡುವೆ ನಿಂತಳು. ತನ್ನ ಮುಖದ ಮೇಲೆ ಇನ್ನೂ ನಗು ಇದೆ ಎಂದು ಅವಳಿಗೆ ಗೊತ್ತಾಯಿತು. ಅದನ್ನು ಅಳಿಸಲು ಅವಳು ಕೈಯಿಂದ ಬಾಯಿ ಒರೆಸಿಕೊಂಡಳು.